ಮೇಷ್ಟ್ರು ಹಿಡಿದ ಕೇದರ

ಓಡುತ್ತಿರುವ ಮೋಟರ್ ಎಷ್ಟು ಬಿಸಿಯಾಗಿದೆ ಅಂತ ನೋಡೋಕೆ ಅಂಗೈ ಇಡಬಾರದು. ಕೈಯ ಹಿಂಬದಿ ತಾಗಿಸಬೇಕು. ಕರೆಂಟ್ ಲೀಕ್ ಇದ್ದರೆ ಕೈ ಮುದುರಿಕೊಳ್ಳುತ್ತದೆ. ಅಂಗೈ ಇಟ್ಟವನು ಮೋಟರನ್ನೇ ಹಿಡಿದುಕೊಂಡು ಬಿಡುತ್ತಾನೆ, ಹಿಂಬದಿ ತಾಗಿಸಿದವನ ಕೈ ತಾನಾಗೇ ಈಚೆ ಬರುತ್ತದೆ. ಐಟಿಐನಲ್ಲಿ ಮೊದಲ ವಾರ ಕಲಿತ ಪಾಠ ಇದು. ಬೇಲೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಈಗ ಅದು ಎಂಥಾ ಚಟ ಆಗಿದೆ ಅಂದರೆ ಏನು ಮುಟ್ಟುವುದಿದ್ದರೂ ಮೊದಲು ಕೈ ತಿರುಗುತ್ತದೆ. ಕಾಫಿ ಲೋಟ, ಬೈಕಿನ ಸೈಲೆನ್ಸರ್, ಜ್ವರ ಬಂದಾಗ ಮಗಳ ಹಣೆ.

ಹೋದ ಡಿಸೆಂಬರ್‌ನಲ್ಲಿ ಒಂದು ಮೀನಿಗೂ ಹಾಗೇ ತಾಗಿಸಿದೆ. ಒಂದೇ ಮೀನಿಗೆ ಎರಡು ಸಲ. ಒಮ್ಮೆ ಸಮುದ್ರದ ನಡುವೆ, ಇನ್ನೊಮ್ಮೆ ನಮ್ಮನೆ ಅಡುಗೆಮನೆಯಲ್ಲಿ. ಎರಡು ಸಲವೂ ಬೆಚ್ಚಗಿತ್ತು. ಆ ಕಥೆ ಇದು. ಮೇಷ್ಟ್ರು ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಾವು ಮೂರು ಜನ. ನಾನು, ಬೇಕರಿ, ಮೇಷ್ಟ್ರು. ಬೇಕರಿ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರ ಬೇಕರಿ ಇಟ್ಟಿರುವ ನನ್ನ ಗೆಳೆಯ. ಅವನ ಹೆಸರು ಅವನ ಮಕ್ಕಳ ಸ್ಕೂಲ್ ದಾಖಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ರಿಟೈರ್ ಆಗಿದ್ದಾರೆ. ಭಾನುವಾರ ಮಧ್ಯಾಹ್ನ ಮೂವರೂ ಯಗಚಿ ಹಿನ್ನೀರಿಗೆ ಗಾಳ ಹಾಕೋಕೆ ಹೋಗುತ್ತೇವೆ. ಎರೆಹುಳ, ಗೋಧಿ ಹಿಟ್ಟಿನ ಉಂಡೆ, ಬೇಕರಿ ತರುವ ನಿನ್ನೆಯ ಬನ್ನು. ಜಿಲೇಬಿ ಮೀನು ಜಾಸ್ತಿ. ಅದೃಷ್ಟ ಇದ್ದರೆ ಗೌರಿ ಮೀನು, ತೀರಾ ಅದೃಷ್ಟ ಇದ್ದರೆ ಕಾಟ್ಲಾ. ಮೇಷ್ಟ್ರು ಕೊಡೆ ಬಿಚ್ಚಿಕೊಂಡು, ಗಾಳದ ಕೋಲನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ಪೇಪರ್ ಓದುತ್ತಾ ಕೂರುತ್ತಾರೆ. ಎಷ್ಟೋ ವರ್ಷ ಆಯಿತು, ಅವರ ಬೆಂಡು ಮುಳುಗಿದ್ದನ್ನು ನಾನಂತೂ ನೋಡಿಲ್ಲ. ಎರಡು ಸಲ ಮುಳುಗಿತ್ತಂತೆ. ಎರಡು ಸಲವೂ ಅವರು ಪೇಪರ್ ತಿರುವಿ ಹಾಕುತ್ತಿದ್ದರಂತೆ.

ಐಟಿಐನಲ್ಲಿ ನನ್ನ ಪಕ್ಕದ ಬೆಂಚಿನವನು ಮಲ್ಪೆ ಕಡೆಯವನು. ಹಾಸ್ಟೆಲ್ಲಿನಲ್ಲಿ ಸೈಕಲ್ ಡೈನಮೋದಿಂದ ರೇಡಿಯೋ ಓಡಿಸೋಕೆ ಹೋಗಿ ರೇಡಿಯೋ ಸುಟ್ಟವನು. ಅವತ್ತಿಂದ ಡೈನಮೋ. ಈಗ ಬಂದರಿನಲ್ಲಿ ಬೋಟುಗಳ ಆಲ್ಟರ್ನೇಟರ್, ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ನಾನು ಕಳಿಸಿದ ಜಿಲೇಬಿ ಮೀನಿನ ಫೋಟೋ ನೋಡಿ ಫೋನ್ ಮಾಡಿದ.

"ಎಂತ ಮಾರಾಯ ನೀನು, ಅಂಗೈಯಷ್ಟು ಮೀನು ಹಿಡಿದು ಫೋಟೋ ಹಾಕ್ತಿ. ಒಂದು ಸಲ ಇಲ್ಲಿಗೆ ಬಾ. ಕೇದರ ಬರ್ತಾ ಉಂಟು."

ಕೇದರ ಅಂದರೆ ಟ್ಯೂನಾ. ಗೆದರ ಅನ್ನುವವರೂ ಇದ್ದಾರೆ. ನಮ್ಮೂರಿಗೆ ಬರುವ ಮೀನಿನ ಗಾಡಿಯಲ್ಲಿ ಬಂಗುಡೆ, ಬೂತಾಯಿ, ಹಬ್ಬದ ಮಾರನೇ ದಿನ ಅಂಜಲ್. ಕೇದರ ನಾನು ನೋಡಿರಲಿಲ್ಲ. ಮೇಷ್ಟ್ರಿಗೆ ಹೇಳಿದರೆ ಅವರು ಸೀದಾ ಜಪಾನಿಗೆ ಹೋದರು. 2019ರ ಜನವರಿಯಲ್ಲಿ ಟೋಕಿಯೋದ ಹರಾಜಿನಲ್ಲಿ 278 ಕಿಲೋ ತೂಕದ ಒಂದೇ ಒಂದು ಟ್ಯೂನಾ 33 ಕೋಟಿ ಯೆನ್‌ಗೂ ಮೇಲೆ ಹೋಯಿತು ಅಂದರು. ಬೇಕರಿ ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ, ಡೀಸೆಲ್ ಖರ್ಚು ಕಳೆದು, ಮೂರು ಪಾಲು ಮಾಡಿದ. ಆ ಜಾತಿ ಬೇರೆ, ನಮ್ಮ ತೀರದಲ್ಲಿ ಸಿಗೋದು ಎರಡು ಕಿಲೋ, ನಾಲ್ಕು ಕಿಲೋದ ಪುಟ್ಟ ಟ್ಯೂನಾ ಅಂತ ಡೈನಮೋ ಹೇಳಿದ ಮೇಲೂ ಅವನ ಉತ್ಸಾಹ ಇಳಿಯಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಮೇಲೂ ಸ್ವಲ್ಪ ದಿನ ಕಡಲು ಒರಟು. ಡಿಸೆಂಬರ್ ಹೊತ್ತಿಗೆ ಕಡಲು ತಟ್ಟೆಯ ಹಾಗೆ ಇರುತ್ತದೆ, ನಿಮ್ಮಂಥ ಘಟ್ಟದವರಿಗೆ ಅದೇ ಸರಿ ಅಂದ ಡೈನಮೋ. ಅದೇ ಸರಿ ಅಂತ ಹೊರಟೆವು. ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ಮೇಷ್ಟ್ರ ಹೊಸ ಕಾರಿನಲ್ಲಿ. ಕಾರು ತೆಗೆದು ಮೂರು ತಿಂಗಳು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಈ ಪ್ಲಾಸ್ಟಿಕ್ಕಿನ ವಿಷಯ ನೆನಪಿಟ್ಟುಕೊಳ್ಳಿ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ತಿನ್ನುತ್ತಾ ಮೇಷ್ಟ್ರು ಹೇಳಿದ ಒಂದು ಮಾತು ತಲೆಯಲ್ಲಿ ಕೂತಿತು. ಈ ಕಡೆ ಬಿದ್ದ ಮಳೆ ಹೇಮಾವತಿಗೆ ಹೋಗುತ್ತದೆ, ನಮ್ಮ ಯಗಚಿಯೂ ಅಲ್ಲಿಗೇ ಸೇರಿ, ಕಾವೇರಿಯಾಗಿ, ಪೂರ್ವದ ಸಮುದ್ರ ಸೇರುತ್ತದೆ. ಚಾರ್ಮಾಡಿ ಏಣು ದಾಟಿ ಆ ಕಡೆ ಬಿದ್ದದ್ದು ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಅಂದರೆ ನಾವು ಇಷ್ಟು ವರ್ಷ ಗಾಳ ಹಾಕಿದ ನೀರು ನಮ್ಮನ್ನು ಬಿಟ್ಟು ಬಂಗಾಳ ಕೊಲ್ಲಿಗೆ ಹೋಗುತ್ತಿತ್ತು, ನಾವು ಈಗ ಅದಕ್ಕೆ ಬೆನ್ನು ಹಾಕಿ ಹೊರಟಿದ್ದೆವು.

ಘಟ್ಟದಲ್ಲಿ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕಾರು ನಿಧಾನ ಮಾಡಿ ಕಾಣಿಕೆ ಹಾಕಿದೆವು. ಉಜಿರೆ, ಗುರುವಾಯನಕೆರೆ, ನಾರಾವಿ, ಕಾರ್ಕಳ, ಉಡುಪಿ. ರಾತ್ರಿ ಡೈನಮೋ ಮನೆಯಲ್ಲಿ ಊಟ. ನಿದ್ದೆ ಬಂತು ಅನ್ನುವಷ್ಟರಲ್ಲಿ ಮೂರೂವರೆಗೆ ಎಬ್ಬಿಸಿದ.

ಬಂದರು ಆ ಹೊತ್ತಿಗೇ ನಮ್ಮೂರ ಸಂತೆ ಮಧ್ಯಾಹ್ನ ಇರುವ ಹಾಗಿತ್ತು. ಲೈಟು, ಐಸ್ ಪುಡಿ ಮಾಡುವ ಮಿಷನ್ನಿನ ಸದ್ದು, ಬುಟ್ಟಿ ಹೊತ್ತ ಹೆಂಗಸರು, ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳು. ಒಂದು ಬೋಟಿನಿಂದ ಇನ್ನೊಂದಕ್ಕೆ ದಾಟಿ, ಅಲ್ಲಿಂದ ಮತ್ತೊಂದಕ್ಕೆ ದಾಟಿ ನಮ್ಮದನ್ನು ತಲುಪಬೇಕು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ದಾಟಿದ್ದು ನೋಡಬೇಕಿತ್ತು. ನಮ್ಮದು ಸಣ್ಣ ಬೋಟು, ಬಲೆ ಬಿಟ್ಟು ಮೀನು ಹಿಡಿಯುವಂಥದ್ದು. ಆವತ್ತು ಬಲೆ ಇಲ್ಲ. ಅದರ ಆಲ್ಟರ್ನೇಟರ್ ಡೈನಮೋನೇ ಕಟ್ಟಿಕೊಟ್ಟಿದ್ದನಂತೆ, ಆ ಋಣಕ್ಕೆ ತಾಂಡೇಲರು ಒಪ್ಪಿದ್ದರು. ಡೀಸೆಲ್ ಮಾತ್ರ ನಮ್ಮದು. ತಾಂಡೇಲರು ಅಂದರೆ ಬೋಟು ನಡೆಸುವವರು. ಅರವತ್ತರ ಮೇಲಿನ ವಯಸ್ಸು, ಕಡಿಮೆ ಮಾತು. ನಮ್ಮ ಮೂವರಿಗೂ ಲೈಫ್ ಜಾಕೆಟ್ ಎಸೆದು, "ಇದು ತೆಗೀಲಿಕ್ಕೆ ಇಲ್ಲ" ಅಂದರು. ಅಷ್ಟೇ ಸ್ವಾಗತ ಭಾಷಣ.

ಬೆಳಕು ಹರಿಯುವಾಗ ಸೇಂಟ್ ಮೇರಿಸ್ ದ್ವೀಪ ಕಂಡಿತು. ಕಂಬ ಕಂಬವಾಗಿ ನಿಂತ ಕಲ್ಲು. ಬೇಲೂರಿನವರಿಗೆ ಕಂಬ ಕಂಡರೆ ಯಾರು ಕೆತ್ತಿದ್ದು ಅಂತ ಕೇಳುವುದು ರೂಢಿ, ಬೇಕರಿ ಕೇಳಿಯೇ ಬಿಟ್ಟ. ಯಾರೂ ಕೆತ್ತಿಲ್ಲ, ಲಾವಾ ತಣ್ಣಗಾಗುವಾಗ ಬಿರಿದು ಹೀಗಾಗಿದೆ, ಸುಮಾರು 8 ಕೋಟಿ 80 ಲಕ್ಷ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು ಅಂದರು ಮೇಷ್ಟ್ರು. ನಮ್ಮ ಚೆನ್ನಕೇಶವ ದೇವಸ್ಥಾನ 1117ರದ್ದು. ಇದರ ಮುಂದೆ ಅದು ನಿನ್ನೆ ಗಿಲಾವು ಮಾಡಿದ್ದು.

ಇದೇ ಮೇಷ್ಟ್ರು ಅವತ್ತು ಹೇಳಿದ ಕೊನೆಯ ಪಾಠ ಆಗುತ್ತೆ ಅಂದುಕೊಂಡೆ. ಯಾಕೆಂದರೆ ಹತ್ತು ನಿಮಿಷಕ್ಕೆ ಅವರು ಬೋಟಿನ ಅಂಚಿಗೆ ಹೊಟ್ಟೆ ಒತ್ತಿ, ರಾತ್ರಿ ತಿಂದದ್ದೆಲ್ಲಾ ಕಡಲಿಗೆ ಒಪ್ಪಿಸುತ್ತಿದ್ದರು. ತಟ್ಟೆಯ ಹಾಗೆ ಇರುತ್ತೆ ಅಂದಿದ್ದ ಡೈನಮೋ. ತಟ್ಟೆಯೇ, ಆದರೆ ಯಾರೋ ಅದನ್ನು ಒಂದೇ ಸಮ ಮೆಲ್ಲಗೆ ತೂಗುತ್ತಿದ್ದರು. ನನಗೂ ಬಾಯಲ್ಲಿ ನೀರೂರಿತು, ಆ ಕೆಟ್ಟ ನೀರು. ಶುಂಠಿ ಅಗಿದು, ದೂರದ ಅಡ್ಡ ಗೆರೆಯನ್ನೇ ನೋಡುತ್ತಾ ನಿಂತೆ. ಬೇಕರಿಗೆ ಮಾತ್ರ ಏನೂ ಆಗಲಿಲ್ಲ. ಮೇಷ್ಟ್ರ ಬೆನ್ನು ನೀವುತ್ತಾ ಇನ್ನೊಂದು ಕೈಯಲ್ಲಿ ಖಾರಾ ಬನ್ನು ತಿನ್ನುತ್ತಿದ್ದ.

"ಮೇಷ್ಟ್ರನ್ನ ಇಂಜಿನ್ ಹತ್ತಿರ ಮಲಗಿಸಬೇಡಿ. ಡೀಸೆಲ್ ವಾಸನೆಗೆ ಇನ್ನೂ ಜಾಸ್ತಿ ಆಗ್ತದೆ," ಅಂದ ಡೈನಮೋ. ಹಿಂದೆ ಕೂರಿಸಿ, ಕೈಗೆ ಒಂದು ಗಾಳದ ರಾಡ್ ಕೊಟ್ಟ. "ಸುಮ್ನೆ ಹಿಡ್ಕೊಂಡು ದೂರ ನೋಡ್ತಾ ಇರಿ ಸಾರ್." ಅದು ಮದ್ದಿಗೆ ಕೊಟ್ಟದ್ದೇ ಹೊರತು ಮೀನಿಗೆ ಅಲ್ಲ.

ತೀರದಿಂದ ಸುಮಾರು 18 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 33 ಕಿಲೋಮೀಟರ್ ಹೋದ ಮೇಲೆ ವೇಗ ಇಳಿಸಿದರು. ಇದು ಯಗಚಿ ಮೀನುಗಾರಿಕೆ ಅಲ್ಲ. ಇಲ್ಲಿ ಬೆಂಡು ಇಲ್ಲ, ಎರೆಹುಳ ಇಲ್ಲ. ಬೋಟು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಹಿಂದೆ ಮೂವತ್ತು ನಲವತ್ತು ಮೀಟರ್ ದಾರದ ತುದಿಯಲ್ಲಿ ಮಿಂಚುವ ಸುಳ್ಳು ಮೀನು ಎಳೆದುಕೊಂಡು ಬರುತ್ತದೆ. ಗಾಳದವನು ಕೂತು, ಮೀನು ಬರಲಿ ಅಂತ ಕಾಯುವ ಲೆಕ್ಕವೇ ಇಲ್ಲ. ಟ್ಯೂನಾ ನಿಲ್ಲುವ ಮೀನಲ್ಲ. ಹೆಚ್ಚಿನ ಮೀನು ನಿಂತಲ್ಲೇ ಕಿವಿರು ಬಡಿದು ಉಸಿರಾಡುತ್ತವೆ, ಇದಕ್ಕೆ ಅದು ಬರುವುದಿಲ್ಲ. ಬಾಯಿ ಅಷ್ಟು ತೆರೆದು ಮುಂದೆ ನುಗ್ಗುತ್ತಲೇ ಇದ್ದರೆ ಮಾತ್ರ ಕಿವಿರಿಗೆ ನೀರು. ನಿಂತರೆ ಉಸಿರು ನಿಲ್ಲುತ್ತದೆ. ಹಗಲು ರಾತ್ರಿ ಓಡಬೇಕು. ನಮ್ಮ ಕಡೆ ತೋಟಕ್ಕೆ ಥ್ರೀ ಫೇಸ್ ಬಂದಷ್ಟು ಹೊತ್ತು ಓಡುವ ಮೋಟರ್ ನೋಡಿದವನು ನಾನು. ಹುಟ್ಟಿದಾಗಿಂದ ಆಫ್ ಆಗದ ಮೋಟರ್ ಬಗ್ಗೆ ಕೇಳಿದ್ದು ಅದೇ ಮೊದಲು.

ಎರಡು ಗಂಟೆ ಏನೂ ಆಗಲಿಲ್ಲ. ಬಿಸಿಲು, ಇಂಜಿನ್, ಉಪ್ಪು. ಇದರ ಬಗ್ಗೆ ಬರೆಯೋಕೆ ಏನೂ ಇಲ್ಲ.

ಆಮೇಲೆ ತಾಂಡೇಲರು ತಲೆ ಎತ್ತಿ, ಗದ್ದದಿಂದ ಒಂದು ದಿಕ್ಕು ತೋರಿಸಿದರು. ಅವರ ಹತ್ತಿರ ಜಿಪಿಎಸ್ ಇತ್ತು, ಮೀನು ತೋರಿಸುವ ಪರದೆ ಇತ್ತು. ಅದೆಲ್ಲಾ ಬಿಟ್ಟು ಅವರು ನೋಡಿದ್ದು ಹಕ್ಕಿಗಳನ್ನು. ದೂರದಲ್ಲಿ ಬಿಳಿ ಹಕ್ಕಿಗಳ ಗುಂಪು, ಒಂದೊಂದೇ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತಿತ್ತು. ಕೆಳಗಿನಿಂದ ಟ್ಯೂನಾ ಸಣ್ಣ ಮೀನುಗಳನ್ನು ಮೇಲಕ್ಕೆ ಅಟ್ಟುತ್ತದೆ, ಮೇಲಿಂದ ಹಕ್ಕಿ ಎರಗುತ್ತದೆ. ಹತ್ತಿರ ಹೋದರೆ ನೀರು ಎಣ್ಣೆಗೆ ಬೋಂಡ ಬಿಟ್ಟ ಹಾಗೆ ಕುದಿಯುತ್ತಿತ್ತು.

"ಮೀನ್ ಉಂಡು," ಅಂದರು ತಾಂಡೇಲರು ತುಳುವಿನಲ್ಲಿ, ಮೀನಿದೆ ಅಂತ, ಯಾರಿಗೂ ಅಲ್ಲದ ಹಾಗೆ. ಗುಂಪಿನ ಮಧ್ಯೆ ನುಗ್ಗಲಿಲ್ಲ. ನುಗ್ಗಿದರೆ ಮುಳುಗಿ ಮಾಯ ಆಗುತ್ತವಂತೆ. ಅಂಚಿನಲ್ಲೇ ಬಳಸಿಕೊಂಡು ಹೋದರು.

ಮೊದಲು ಹಿಡಿದದ್ದು ನನ್ನ ರಾಡ್. ಹಿಡಿಯಿತು ಅನ್ನುವುದಕ್ಕಿಂತ ಕಿತ್ತುಕೊಂಡಿತು ಅನ್ನಬೇಕು. ರೀಲು ಕಿರುಚಿತು. ದಾರ ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಈಗ ಒಂದು ವಿಷಯ ಹೇಳಬೇಕು. ರೀಲಿನೊಳಗೆ ವಾಷರ್ ತರಹದ ಪ್ಲೇಟುಗಳಿರುತ್ತವೆ, ಒಂದರ ಮೇಲೊಂದು. ಬಿಗಿ ಮಾಡಿದರೆ ದಾರ ಬಿಡುವುದಿಲ್ಲ, ಸಡಿಲ ಇದ್ದರೆ ಜಾರಿಕೊಂಡು ಬಿಡುತ್ತದೆ. ಮೀನು ಎಳೆದಾಗ ಅದು ಜಾರಲೇಬೇಕು, ಜಾರುತ್ತಾ ಜಾರುತ್ತಾ ಮೀನನ್ನು ಸುಸ್ತು ಮಾಡಬೇಕು. ಬೈಕಿನ ಕ್ಲಚ್ಚೇ. ಸಾವಿರಾರು ಕ್ಲಚ್ ಪ್ಲೇಟ್ ನೋಡಿದವನು ನಾನು. ಆದರೆ ದಾರ ಮುಗಿದೇ ಹೋಗುತ್ತದೆ ಅನ್ನುವ ಗಾಬರಿಯಲ್ಲಿ ಕೈ ತಾನಾಗಿ ಹೋಗಿ ಗುಂಡಿಯನ್ನು ಗಕ್ಕನೆ ಬಿಗಿ ಮಾಡಿತು. ಟಪ್. ರಾಡ್ ನೆಟ್ಟಗಾಯಿತು. ದಾರ ಗಾಳಿಯಲ್ಲಿ ಹಗುರವಾಗಿ ವಾಪಸ್ ಬಂತು.

"ನೀನು ಮೆಕ್ಯಾನಿಕ್ ಅಂತ ಇಲ್ಲಿ ಯಾರಿಗೂ ಹೇಳ್ಬೇಡ ಆಯ್ತಾ," ಅಂದ ಡೈನಮೋ.

ಅಷ್ಟರಲ್ಲಿ ಮೇಷ್ಟ್ರು "ಏನೋ ಎಳೀತಿದೆಯಲ್ಲಪ್ಪಾ" ಅಂದರು. ಮೆಲ್ಲಗೆ, ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಎದ್ದು ಉತ್ತರ ಹೇಳುವ ಹಾಗೆ. ಅವರ ರಾಡ್ ಬಿಲ್ಲಾಗಿತ್ತು. ರೀಲಿನ ಗುಂಡಿ ಯಾವುದು ಅಂತಲೇ ಗೊತ್ತಿಲ್ಲದ್ದರಿಂದ ಅವರು ಅದನ್ನು ಮುಟ್ಟಲಿಲ್ಲ. ಅದೇ ಒಳ್ಳೆಯದಾಯಿತು. ಮೀನು ಓಡಿದಾಗ ಓಡಲು ಬಿಟ್ಟರು, ಎಳೆತ ಸಡಿಲಾದಾಗ ಸುತ್ತಿದರು. ಮಧ್ಯೆ ಒಮ್ಮೆ ಪಕ್ಕಕ್ಕೆ ಬಾಗಿ ವಾಂತಿ ಮಾಡಿದರು. ರಾಡ್ ಬಿಡಲಿಲ್ಲ. ಸೊಂಟಕ್ಕೆ ಬೇಕರಿ ಹಿಂದಿನಿಂದ ಕೈ ಸುತ್ತಿ ಹಿಡಿದಿದ್ದ. ಕಾಲು ಗಂಟೆ ಆಗಿರಬಹುದು. ಮೀನು ಬೋಟಿನ ಕೆಳಗೆ ಸುತ್ತು ಹಾಕುತ್ತಾ ಹಾಕುತ್ತಾ ಮೇಲೆ ಬಂತು, ನೀಲಿ, ಬೆಳ್ಳಿ, ಮತ್ತೆ ನೀಲಿ. ತಾಂಡೇಲರು ಕೊಕ್ಕೆ ಹಾಕಿ ಒಂದೇ ಸಲಕ್ಕೆ ಒಳಗೆ ಎಳೆದರು.

ಹಲಗೆ ಮೇಲೆ ಬಿದ್ದ ಮೀನಿನ ಬಾಲ ಬಡಿದುಕೊಂಡ ಸದ್ದು ನಾನು ಮರೆಯಲ್ಲ. ನಮ್ಮ ಕೆರೆ ಮೀನು ದಡಕ್ಕೆ ಬಂದರೆ ಪಟ್, ಸ್ವಲ್ಪ ಹೊತ್ತು ಬಿಟ್ಟು ಪಟ್ ಅನ್ನುತ್ತದೆ. ಇದು ಹಾಗಲ್ಲ. ಡ್ರಿಲ್ಲಿಂಗ್ ಮಿಷನ್ ಆನ್ ಮಾಡಿ ನೆಲದ ಮೇಲೆ ಬಿಟ್ಟ ಹಾಗೆ, ಬಿಡುವೇ ಇಲ್ಲದ ನಡುಕ.

ಬಗ್ಗಿ ನೋಡಿದೆ. ಎರಡೂ ತುದಿ ಚೂಪು, ನಡು ದುಂಡಗೆ. ಬೆನ್ನು ಕಡು ನೀಲಿ, ಅದರ ಮೇಲೆ ಮಗು ಸ್ಲೇಟಿನಲ್ಲಿ ಗೀಚಿದ ಹಾಗೆ ಅಂಕುಡೊಂಕು ಕಪ್ಪು ಗೆರೆ. ಹೊಟ್ಟೆ ಬೆಳ್ಳಿ. ಪಕ್ಕದ ರೆಕ್ಕೆಯ ಕೆಳಗೆ ನಾಲ್ಕೈದು ಕಪ್ಪು ಚುಕ್ಕಿ, ದೃಷ್ಟಿ ಬೊಟ್ಟು ಇಟ್ಟ ಹಾಗೆ. ಈ ಚುಕ್ಕಿ ನೋಡಿಯೇ ಈ ಜಾತಿಯನ್ನು ಗುರುತು ಹಿಡಿಯುತ್ತಾರಂತೆ. ಬೆನ್ನಿನ ರೆಕ್ಕೆ ಮಡಚಿದರೆ ಪೂರ್ತಿ ಒಂದು ಸಂದಿಯೊಳಗೆ ಕೂತು ಬಿಡುತ್ತದೆ, ಚಾಕು ಹಿಡಿಯೊಳಗೆ ಮಡಚಿದ ಹಾಗೆ, ನೀರಿಗೆ ಅಡ್ಡಿ ಆಗಬಾರದು ನೋಡಿ. ಮೈಮೇಲೆ ಹೆಚ್ಚುಕಡಿಮೆ ಹುರುಪೆಯೇ ಇಲ್ಲ. ಹೊಸ ಎನಾಮಲ್ ತಂತಿಯ ಸುರುಳಿ ಮೇಲೆ ಬೆರಳಾಡಿಸಿದಷ್ಟು ನುಣುಪು. ಇಂಥಾ ಫಿನಿಶಿಂಗ್ ನಾನು ಯಾವ ಕಂಪನಿ ಮೋಟರ್‌ನಲ್ಲೂ ನೋಡಿಲ್ಲ.

ತಾಂಡೇಲರು ತಡ ಮಾಡಲಿಲ್ಲ. ಕಿವಿರಿನ ಕೆಳಗೆ ಚಾಕು ಹಾಕಿ ರಕ್ತ ಬಸಿದರು, ಹೊಟ್ಟೆ ಸೀಳಿ ಕರುಳು ತೆಗೆದರು. "ನೋಡಿ" ಅಂತ ನನ್ನನ್ನು ಕರೆದು ಒಳಗೆ ಬೆನ್ನುಮೂಳೆ ಪಕ್ಕ ತೋರಿಸಿದರು. ಮಾಂಸ ಅಲ್ಲಿ ಕೆಂಪು ಅಲ್ಲ, ಕಪ್ಪಿಗೆ ತಿರುಗಿದ ಕೆಂಪು. ಕುರಿ ಈಲಿಯ ಬಣ್ಣ. ನನ್ನ ಕೈ ತಾನಾಗೇ ತಿರುಗಿ, ಹಿಂಬದಿ ಅಲ್ಲಿಗೆ ತಾಗಿತು.

ಹೊರಗಿನ ಚರ್ಮ ಸಮುದ್ರದಷ್ಟೇ ತಣ್ಣಗಿತ್ತು. ಒಳಗೆ ಬೆಚ್ಚಗಿತ್ತು.

ನಾನು ನಂಬಲಿಲ್ಲ. ಮತ್ತೆ ತಾಗಿಸಿದೆ. ಹುಟ್ಟಿದಾಗಿಂದ ಮೀನು ಅಂದರೆ ತಣ್ಣಗೆ. ತಣ್ಣಗಿರುವವರನ್ನು ಮೀನಿಗೆ ಹೋಲಿಸುತ್ತೇವೆ. ಕೋಳಿಯಷ್ಟು ಬಿಸಿ ಅಂತ ಹೇಳುತ್ತಿಲ್ಲ. ಆಫ್ ಮಾಡಿ ಒಂದು ಗಂಟೆ ಆದ ಮೋಟರಿನ ಬಾಡಿ ಇರುತ್ತದಲ್ಲ, ಆ ತರಹ.

"ಮೇಷ್ಟ್ರೇ, ಇದು ಬಿಸಿ ಇದೆ."

ಮೇಷ್ಟ್ರ ಮುಖ ಸುಣ್ಣದ ಗೋಡೆಯಾಗಿತ್ತು. ಆದರೂ ಪ್ರಶ್ನೆ ಬಂದ ಮೇಲೆ ಬಿಡುವ ಜನ ಅಲ್ಲ. ಬಾಯಿ ಒರೆಸಿಕೊಂಡು, ನನ್ನ ಎಡಗೈಯನ್ನೂ ಬೇಕರಿಯ ಬಲಗೈಯನ್ನೂ ಹಿಡಿದು ಒಂದಕ್ಕೊಂದು ಒತ್ತಿ ಇಟ್ಟರು. ಇವೆರಡೂ ರಕ್ತದ ಪೈಪು ಅಂದುಕೊಳ್ಳಿ. ಒಂದರಲ್ಲಿ ಮಾಂಸದ ಕಡೆಯಿಂದ ಬಿಸಿ ರಕ್ತ ಹೊರಗೆ ಬರುತ್ತಿದೆ. ಇನ್ನೊಂದರಲ್ಲಿ ಕಿವಿರಿನ ಕಡೆಯಿಂದ ತಣ್ಣನೆ ರಕ್ತ ಒಳಗೆ ಹೋಗುತ್ತಿದೆ. ಹೆಚ್ಚಿನ ಮೀನುಗಳಲ್ಲಿ ಮಾಂಸ ಹುಟ್ಟಿಸಿದ ಬಿಸಿಯೆಲ್ಲಾ ರಕ್ತದ ಜೊತೆ ಕಿವಿರಿಗೆ ಹೋಗಿ ನೀರು ಪಾಲಾಗುತ್ತದೆ. ಟ್ಯೂನಾದಲ್ಲಿ ಈ ಎರಡು ತರಹದ ಸಣ್ಣ ನಾಳಗಳು ಸಾವಿರಗಟ್ಟಲೆ, ಒಂದರ ಮೈಗೊಂದು ಒತ್ತಿಕೊಂಡಿವೆ. ಹೊರಗೆ ಹೋಗುವ ಬಿಸಿಯನ್ನು ಒಳಗೆ ಬರುವ ರಕ್ತ ದಾರಿಯಲ್ಲೇ ಕಸಿದುಕೊಂಡು ವಾಪಸ್ ತರುತ್ತದೆ. ಹಾಗಾಗಿ ಮೈ ಒಳಗೆ ಸುತ್ತಲ ನೀರಿಗಿಂತ ಬಿಸಿ. ಬಿಸಿ ಇದ್ದರೆ ಮಾಂಸಖಂಡ ಚುರುಕು. ಇಷ್ಟು ಹೇಳಿ ನಮ್ಮ ಕೈ ಬಿಟ್ಟು ಮತ್ತೆ ಅಂಚಿಗೆ ಹೋದರು.

ತಾಂಡೇಲರು ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಸೇರಿಸಿದರು. "ಅದಕ್ಕೇ ಐಸ್ ಬೇಗ ಹಾಕ್ಬೇಕು. ಈ ಮೀನು ಬಿಸಿಯಲ್ಲಿ ಇಟ್ರೆ ತಿಂದವರಿಗೆ ಮೈಯೆಲ್ಲ ಕೆಂಪಾಗ್ತದೆ. ನೋಡ್ಲಿಕ್ಕೆ ಏನೂ ಗೊತ್ತಾಗುದಿಲ್ಲ." ಐಸ್ ಪುಡಿಗೆ ಸಮುದ್ರದ ನೀರು ಬೆರೆಸಿದ ಗಂಜಿಯಂಥದ್ದರಲ್ಲಿ ಮೀನನ್ನು ಮುಳುಗಿಸಿದರು. ಬರೀ ಐಸ್ ಅಲ್ಲ, ನೀರೂ ಬೇಕು, ನೀರಿದ್ದರೆ ಮೈಗೆಲ್ಲಾ ತಾಗುತ್ತದೆ ಅಂದರು. ಕೇಳಿಸಿಕೊಂಡೆ. ಹೂಂ ಅಂದೆ. ಇದನ್ನೂ ನೆನಪಿಟ್ಟುಕೊಳ್ಳಿ.

ಒಟ್ಟು ಐದು ಮೀನು ಆಯಿತು. ಮೇಷ್ಟ್ರಿಗೆ ಎರಡು, ಡೈನಮೋಗೆ ಒಂದು, ಬೇಕರಿಗೆ ಒಂದು. ನನ್ನದೂ ಒಂದು, ಎಲ್ಲಕ್ಕಿಂತ ಚಿಕ್ಕದು. ಅದನ್ನು ಹಿಡಿಯುವಾಗ ಡೈನಮೋ ನನ್ನ ಬಲಗೈಯನ್ನು ರೀಲಿನ ಗುಂಡಿಯಿಂದ ದೂರ ಹಿಡಿದುಕೊಂಡಿದ್ದ. ಮಧ್ಯಾಹ್ನದ ಗಾಳಿ ಏಳುವ ಮೊದಲೇ ತಾಂಡೇಲರು ಬೋಟು ತಿರುಗಿಸಿದರು.

ಡೈನಮೋ ಮನೆಯವರು ಎರಡು ಮೀನಿಗೆ ಪುಳಿಮುಂಚಿ ಮಾಡಿದರು. ಬ್ಯಾಡಗಿ ಮೆಣಸು, ಹುಣಸೆಹುಳಿ, ತೆಂಗಿನೆಣ್ಣೆ, ಗಟ್ಟಿ ಮಸಾಲೆ. ಮಾಂಸ ಪದರ ಪದರ, ಕಣ್ಣು ಮುಚ್ಚಿ ತಿಂದರೆ ಮೀನು ಅನ್ನಲಾರಿರಿ. ಬಂಗುಡೆಯ ಎಣ್ಣೆ ರುಚಿ ಇಲ್ಲ, ಅಂಜಲಿನ ನಯ ಇಲ್ಲ. ನನಗೆ ಹಿಡಿಸಿತು. ಬೇಕರಿಗೆ ಒಣ ಒಣ ಅನ್ನಿಸಿತಂತೆ. ಮೇಷ್ಟ್ರು ಬರೀ ಗಂಜಿ ಕುಡಿದರು.

ಹೊರಡುವಾಗ ಮೇಷ್ಟ್ರು ತಮ್ಮ ದೊಡ್ಡ ಮೀನನ್ನು, ನಾಲ್ಕು ಕಿಲೋ ಹತ್ತಿರದ್ದು, ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಅವ್ವನಿಗೆ. ನಮ್ಮನೇಲಿ ಮಾಡೋರಿಲ್ಲ." ಅವರ ಮನೆಯವರು ತೀರಿಕೊಂಡು ಆರು ವರ್ಷ. ಅವ್ವ ಅವರಿಗೆ ಹಬ್ಬಕ್ಕೆಲ್ಲಾ ಡಬ್ಬಿ ಕಳಿಸುತ್ತಾಳೆ. ಅದರ ಲೆಕ್ಕ ಇದು ಅಂತ ನನಗೆ ಅರ್ಥವಾಯಿತು. ಥರ್ಮಾಕೋಲ್ ಬಾಕ್ಸಿನಲ್ಲಿ ಮೀನು ಇಟ್ಟು, ಐಸ್ ತುಂಬಿ, ನೀರು ಹಾಕಿ, ಡೈನಮೋನೇ ಟೇಪ್ ಸುತ್ತಿ ಕೊಟ್ಟ. ಮಲ್ಪೆಯಿಂದ ಬೇಲೂರಿಗೆ ಐದು ಗಂಟೆಯ ದಾರಿ, ಏನೂ ಆಗಲ್ಲ ಅಂದ.

ಬಾಕ್ಸಿನ ಮೂಲೆ ಬಿರುಕು ಬಿಟ್ಟಿತ್ತು. ಕಾರ್ಕಳ ದಾಟುವಷ್ಟರಲ್ಲಿ ಮೇಷ್ಟ್ರ ಹೊಸ ಕಾರಿನ ಹಿಂದಿನ ಸೀಟಿನ ಪ್ಲಾಸ್ಟಿಕ್ ಮೇಲೆ ಮೀನಿನ ನೀರು ಹರಿಯಲು ಶುರು. ಮೇಷ್ಟ್ರು ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಹಿಂಸೆ. ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಬಾಕ್ಸ್ ಇಳಿಸಿ ನೀರೆಲ್ಲಾ ಚರಂಡಿಗೆ ಸುರಿದೆ. ನೀರಿನ ಜೊತೆ ಪುಡಿ ಐಸೂ ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನು ಮೀನಿನ ಮೇಲೆ ಒತ್ತಿ, ಬಾಕ್ಸ್ ಒರೆಸಿ ಒಳಗಿಟ್ಟೆ. ಬೇಕರಿ ಕೇಳಿದ. ಐಸ್‌ಕ್ರೀಮ್ ಕೇಕ್ ಮಾರುವವನು, ತಣ್ಣಗೆ ಇಡುವ ವಿಷಯ ಅವನಿಗೆ ಗೊತ್ತು. "ಐಸ್ ತಗೊಳ್ಳೋಣ್ವಾ ಇಲ್ಲೇ?" ನಾನು, "ಇನ್ನೇನ್ ಎರಡೂವರೆ ಗಂಟೆ ದಾರಿ, ಬಾರೋ" ಅಂದೆ.

ಘಟ್ಟದ ಅರ್ಧದಲ್ಲಿ ಒಂದು ಲಾರಿ ತಿರುವಿನಲ್ಲಿ ಅಡ್ಡ ಸಿಕ್ಕಿಹಾಕಿಕೊಂಡಿತ್ತು. ಮೇಲೂ ಸಾಲು, ಕೆಳಗೂ ಸಾಲು. ನಾಲ್ಕು ಗಂಟೆ ನಿಂತೆವು. ಮಂಜು ಇಳಿಯಿತು, ಗಾಜು ಮಬ್ಬಾಯಿತು, ಹೊಟ್ಟೆಯಲ್ಲಿ ಏನೂ ಇಲ್ಲದ ಮೇಷ್ಟ್ರು ನಡುಗತೊಡಗಿದರು. ಹೀಟರ್ ಹಾಕಿದೆವು. ಮೂವರೂ ನಿದ್ದೆ ಹೋದೆವು, ಹಿಂದೆ ಬಾಕ್ಸಿನಲ್ಲಿ ಮೀನು.

ಮನೆ ಮುಟ್ಟಿದಾಗ ರಾತ್ರಿ ಒಂದು ಗಂಟೆ. ಅವ್ವ ಎದ್ದೇ ಇದ್ದಳು. ಫೋನಿನಲ್ಲಿ ಮೇಷ್ಟ್ರ ಮೀನು ಅಂತ ಹೇಳಿದ್ದಕ್ಕೆ ಮಸಾಲೆ ಅರೆದು ಇಟ್ಟಿದ್ದಳು. ಟೇಪ್ ಬಿಚ್ಚಿದೆ. ಐಸ್ ಒಂದು ಚೂರೂ ಇರಲಿಲ್ಲ. ಮೀನು ಮಾತ್ರ ಹಾಗೇ ಹೊಳೆಯುತ್ತಿತ್ತು, ಕಣ್ಣು ತಿಳಿಯಾಗಿತ್ತು, ವಾಸನೆ ಇಲ್ಲ. ಕೈ ತಿರುಗಿಸಿ ಸೀಳಿದ ಹೊಟ್ಟೆಯೊಳಗೆ ಹಿಂಬದಿ ತಾಗಿಸಿದೆ.

ಬೆಚ್ಚಗಿತ್ತು. ಇದು ಮೀನಿನ ಬಿಸಿ ಅಲ್ಲ, ಕಾರಿನ ಹೀಟರಿನದು.

ಡೈನಮೋಗೆ ಫೋನ್ ಮಾಡಿದೆ. ನಿದ್ದೆಯಲ್ಲೇ, "ಬೇಡ ಮಾರಾಯ, ಬಿಸಾಡು" ಅಂದ. ಅವ್ವ ಒಪ್ಪಲಿಲ್ಲ. "ವಾಸ್ನೆ ಇಲ್ಲ, ಕಣ್ಣ್ ನೋಡು ಹೆಂಗದೆ. ಚೆನ್ನಾಗಿ ಕುದಿಸಿದ್ರೆ ಎಲ್ಲಾ ಸಾಯ್ತದೆ ಬಿಡು." ಅಲ್ಲೇ ಇರೋದು ತೊಂದರೆ. ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾ ಅದರ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಮಾಡುತ್ತವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಮಾಡಿಟ್ಟ ಹಿಸ್ಟಮಿನ್ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಕಣ್ಣು, ಮೂಗು ಎರಡೂ ಇದನ್ನು ಹೇಳುವುದಿಲ್ಲ. ಬಂಗುಡೆಗೂ ಇದೇ ಮಾತು. ನಾನು ಇಷ್ಟೆಲ್ಲಾ ಹೇಳಿದರೂ ಅವ್ವ ಕೇಳುತ್ತಿರಲಿಲ್ಲ. ನನ್ನ ಹೆಂಡತಿ ಬಂದು, "ಮಗೂಗೆ ನಾನು ಕೊಡಲ್ಲ ಅತ್ತೆ" ಅಂದ ಮೇಲೆ ಸುಮ್ಮನಾದಳು. ಮೇಷ್ಟ್ರು ವಾಂತಿ ಮಾಡಿಕೊಂಡು ಹಿಡಿದ ಮೀನು. ಅವರ ಜನ್ಮದ ಮೊದಲ ದೊಡ್ಡ ಮೀನು. ನಾನು ಉಜಿರೆಯಲ್ಲಿ ಐಸಿಗೆ ಕೊಡದೆ ಉಳಿಸಿದ್ದು ಐವತ್ತೋ ನೂರೋ ರೂಪಾಯಿ.

ರಾತ್ರಿ ಎರಡು ಗಂಟೆಗೆ ಮೊಬೈಲ್ ಟಾರ್ಚ್ ಹಚ್ಚಿ ಹಿತ್ತಲಿನ ತೆಂಗಿನ ಬುಡದಲ್ಲಿ ಗುಂಡಿ ತೋಡಿದೆ. ನಾಯಿ ಅಗೆಯಬಾರದು ಅಂತ ಮೇಲೆ ಹಳೇ ಮೋಟರಿನ ಕಬ್ಬಿಣದ ಸ್ಟೇಟರ್ ಕೋರ್ ಎರಡು ಹೇರಿದೆ.

ಬೆಳಿಗ್ಗೆ ಅರೆದ ಮಸಾಲೆ ಹಾಳಾಗಬಾರದು ಅಂತ ಅವ್ವ ಅದಕ್ಕೆ ಮೊಟ್ಟೆ ಒಡೆದು ಹಾಕಿದಳು. ಮುದ್ದೆ ಬಡಿಸಿ, "ತಿನ್ನಪ್ಪ, ಕೇದರದ ಸಾರು" ಅಂದಳು. ಆಮೇಲೆ ಎಂದಿನಂತೆ ಒಂದು ಡಬ್ಬಿ ತುಂಬಿ ಮೇಷ್ಟ್ರಿಗೂ ಕಳಿಸಲು ಹೊರಟಳು. ಬೇಡ ಅಂದೆ. ಅಷ್ಟರಲ್ಲಿ ಅವರದೇ ಫೋನ್ ಬಂತು.

"ಹೇಗಿತ್ತಪ್ಪಾ?"

"ತುಂಬಾ ಚೆನ್ನಾಗಿತ್ತು ಮೇಷ್ಟ್ರೇ. ಅವ್ವ ಎರಡು ಸಲ ಹಾಕಿಸ್ಕೊಂಡ್ಲು."

ಅವ್ವ ಎರಡು ಸಲ ಹಾಕಿಸಿಕೊಂಡದ್ದು ನಿಜ, ಮೇಷ್ಟ್ರೇ. ಮೊಟ್ಟೆ ಸಾರನ್ನ.